ಮಗ್ಗಿ ಬಂದವರಿಗೆ ಲೂಪ್ ಬಾರದೇ?

ಕ್ಯಾಲ್‌ಟ್ರೈನ್ ಹತ್ತಿದರೆ ಎದುರು ಸೀಟಿನವರ ಲ್ಯಾಪ್‌ಟಾಪ್‌ನಲ್ಲೂ ಕೋಡ್ ಕಾಣುವ ಊರಿದು. ಇಲ್ಲಿ ಕೂತು "ನಮಗಿನ್ನೂ ಫಾರ್ ಲೂಪೇ ಸರಿಯಾಗಿ ಬರಲ್ಲ" ಅನ್ನೋಕೆ ನಾಚಿಕೆ. ಬಯಾಲಜಿ, ಎಕನಾಮಿಕ್ಸ್ ಓದಲು ಬಂದು ಮೊದಲ ಸಲ ಪೈಥಾನ್ ಮುಟ್ಟಿದವರು ನಮ್ಮಲ್ಲೂ ಇದ್ದೇವೆ. ಸುಲಭದ ದಾರಿ ಎಲ್ಲರಿಗೂ ಗೊತ್ತು: ಪ್ರಶ್ನೆಯನ್ನು ಎಐಗೆ ಕೊಡು, ಉತ್ತರ ಅಂಟಿಸು. ಹೋಮ್‌ವರ್ಕ್ ಮುಗಿಯುತ್ತೆ. ಪರೀಕ್ಷೆಯಲ್ಲಿ ಖಾಲಿ ಹಾಳೆ ಎದುರು ಕೂತಾಗ ನಿಜ ಗೊತ್ತಾಗುತ್ತೆ.

ನಾವು ಹೇಳೋದಿಷ್ಟೇ: ಲಿಸ್ಟು, ಲೂಪುಗಳನ್ನು ಕೈಯಾರೆ ಬರೆದೇ ಕಲೀಬೇಕು. ಅದೂ ಬಾಯಿಪಾಠ ಇರುವ ಕನ್ನಡದಿಂದಲೇ ಶುರು ಮಾಡಬೇಕು. ಉತ್ತರ ಮೊದಲೇ ಗೊತ್ತಿದ್ದರೆ ತಪ್ಪು ಎಲ್ಲಾಯ್ತು ಅಂತ ನಮಗೇ ಕಾಣುತ್ತೆ.

ಎರಡರ ಮಗ್ಗಿಯನ್ನೇ ತಗೊಳ್ಳಿ. ರೇಂಜ್‌ಗೆ 1, 10 ಕೊಟ್ಟು ಓಡಿಸಿದೆವು. ಜೋರಾಗಿ ಓದುತ್ತಾ ಹೋದರೆ "ಎರಡೊಂಬತ್ಲ ಹದಿನೆಂಟು"ಗೇ ನಿಂತುಬಿಟ್ಟಿತು! ಮಗ್ಗಿ ಮುಗಿದಿಲ್ಲ ಅಂತ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಯ್ತು. ರೇಂಜ್ ಕೊನೆಯ ಸಂಖ್ಯೆಯನ್ನು ಒಳಗೆ ಸೇರಿಸಲ್ಲ. 10ರವರೆಗೆ ಬೇಕಾದರೆ 11 ಕೊಡಬೇಕು. ಇನ್ನು ಇದನ್ನು ನಾವು ಮರೆಯಲ್ಲ.

ಆಮೇಲೆ 'ವಿಕಟಕವಿ'. ಹಿಂದಿನಿಂದ ಓದಿದರೂ ಅದೇ ಪದ. ಆದರೆ ತಿರುಗಿಸಿ ಹೋಲಿಸಿದರೆ ಪೈಥಾನ್ 'ಫಾಲ್ಸ್' ಅಂದಿತು. ತೆನಾಲಿ ರಾಮನಿಗೇ ಸವಾಲು! ಲೂಪ್ ಹಾಕಿ ಒಂದೊಂದಾಗಿ ಪ್ರಿಂಟ್ ಮಾಡಿದಾಗ 5 ಅಕ್ಷರದ ಪದ 7 ತುಂಡಾಗಿತ್ತು. ಯೂನಿಕೋಡ್‌ನಲ್ಲಿ 'ವಿ' ಅಂದರೆ ಎರಡು: ಒಂದು 'ವ', ಇನ್ನೊಂದು ಅದರ ಗುಡಿಸು. ಒಂದನೇ ಕ್ಲಾಸಿನಲ್ಲಿ ಕಾಗುಣಿತ ಕಲಿತದ್ದೂ ಹೀಗೇ ಅಲ್ವಾ? ತಿರುಗಿಸಿದಾಗ ಗುಡಿಸು ಮುಂದೆ ಬಂತು, 'ವ' ಹಿಂದೆ ಬಿತ್ತು. 'ವಿ', 'ಕ', 'ಟ', 'ಕ', 'ವಿ' ಅಂತ ಅಕ್ಷರಗಳದ್ದೇ ಲಿಸ್ಟ್ ಮಾಡಿ ಎರಡೂ ತುದಿಯಿಂದ ಹೋಲಿಸಿದೆವು. 'ಟ್ರೂ' ಬಂತು.

ಯೂನಿಕೋಡ್ ಶುರುವಾದದ್ದು ಇದೇ ಬೇ ಏರಿಯಾದಲ್ಲಿ, ಜೆರಾಕ್ಸ್ ಮತ್ತು ಆಪಲ್ ಎಂಜಿನಿಯರ್‌ಗಳ ಕೆಲಸದಿಂದ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಅಕ್ಷರಕ್ಕೆ ಜಾಗ ಸಿಕ್ಕಿದೆ. ಅದನ್ನು ಸರಿಯಾಗಿ ಎಣಿಸುವ, ಹುಡುಕುವ, ತಿರುಗಿಸುವ ಕೋಡನ್ನು ಯಾರೋ ಬರೀಲೇಬೇಕು. ಎಣಿಕೆ ತಪ್ಪಿದ್ದು ಬೇಗ ಕಾಣೋದು ಕಾಗುಣಿತ ಬಲ್ಲವರಿಗೆ, ಅಂದರೆ ನಮಗೆ. ಆ ನಾವೇ ಲೂಪ್ ಕಲಿಯದೆ ಅಂಟಿಸುತ್ತಾ ಕೂತರೆ ಹೇಗೆ?

ಮುಂದಿನ ಸಲ ಸೇರಿದಾಗ ಊಟಕ್ಕೆ ಮೊದಲು ಅರ್ಧ ಗಂಟೆ ಲ್ಯಾಪ್‌ಟಾಪ್ ತೆರೆಯೋಣ. ಬರದವರು ಬರಲ್ಲ ಅಂತ ಸಂಕೋಚವಿಲ್ಲದೆ ಹೇಳಲಿ. ಬರುವವರು ಕನ್ನಡದಲ್ಲೇ ಹೇಳಿಕೊಡಲಿ.