ಬೇಳೆ ಬೇಯದ ನೀರು

ತುಮಕೂರು ಜಿಲ್ಲೆಯ ಬೋರನಕಣಿವೆ, ಹುಳಿಯಾರು ಸುತ್ತಿನ ಮನೆಗಳಲ್ಲಿ ನೀರಿಗೆ ಎರಡು ಜಾತಿ: ಕುಡಿಯೋ ನೀರು, ಬಳಸೋ ನೀರು. ಕುಡಿಯೋದು ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ, ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಕೂತು ಫಿಲ್ಟರ್ ಘಟಕದಿಂದ ಬರುತ್ತದೆ. ಬಳಸೋದು ನಲ್ಲಿಯದು. ಪಾತ್ರೆಗೆ, ಬಟ್ಟೆಗೆ, ದನಕ್ಕೆ ಅದು ಸಾಕು. ಬಾಯಿಗೆ ಮಾತ್ರ ಬೇಡ. ಏಕೆಂದು ಕೇಳಿದರೆ ಬರುವ ಉತ್ತರ ಒಂದೇ: "ಸವಳು ಕಣಪ್ಪ, ಬೇಳೆನೇ ಬೇಯಲ್ಲ."

ಬೇಳೆಯ ಪರೀಕ್ಷೆ ಅಜ್ಜಿಯರ ಕಾಲದ್ದು, ಮತ್ತು ಅದರಲ್ಲಿ ನಿಜವಿದೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್ನನ್ನು ಬಿಗಿಯುತ್ತದೆ. ತೊಗರಿಬೇಳೆ ಎಷ್ಟು ಕುದಿದರೂ ಮೆತ್ತಗಾಗದೆ ಕಾಳುಕಾಳಾಗಿಯೇ ಉಳಿಯುತ್ತದೆ. ಚಿಟಿಕೆ ಸೋಡಾ ಹಾಕುವುದು ಇದಕ್ಕೇ. ಅದೇ ನೀರು ಬಚ್ಚಲ ಹಂಡೆಯೊಳಗೆ ಸುಣ್ಣ ಕಟ್ಟುತ್ತದೆ, ಸೋಪು ಉಜ್ಜಿದಷ್ಟೂ ನೊರೆ ಬಾರದೆ ಬಿಳಿ ಗಸಿಯಾಗುತ್ತದೆ. ಸುಣ್ಣ ಎಲ್ಲಿಂದ ಬಂತೆಂದು ಬಹಳ ಹುಡುಕಬೇಕಿಲ್ಲ. ಚಿಕ್ಕನಾಯಕನಹಳ್ಳಿ ಸೀಮೆಯ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಜೊತೆಗೆ ಸುಣ್ಣಕಲ್ಲೂ ಇದೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದು ಈ ಸುಣ್ಣಕಲ್ಲಿನ ಬಲದಿಂದಲೇ. ಸಿಮೆಂಟಿಗೆ ಒದಗಿದ ಕಲ್ಲು ನೀರಿಗೂ ಒಂದಿಷ್ಟು ಒದಗುತ್ತದೆ.

ಆದರೆ ಬೇಳೆ ಬೇಯದ ನೀರು ಕೆಟ್ಟ ನೀರೇ? ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಂದು ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪಿಗೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಪರವಾಗಿಲ್ಲ. ಇನ್ನು ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಗಡಸುತನಕ್ಕೆ ಮಿತಿಯನ್ನೇ ಹಾಕಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ದೇಹಕ್ಕೆ ಬೇಕಾದವೇ. ಹಂಡೆಗೆ ಕೇಡು, ಸೋಪಿಗೆ ಖರ್ಚು, ಹೆಂಗಸರ ಕೈಗೆ ಕೆಲಸ. ಇದು ಸಣ್ಣ ತೊಂದರೆಯಲ್ಲ, ಆದರೆ ವಿಷವೂ ಅಲ್ಲ.

ವಿಷವಾಗಬಲ್ಲದ್ದಕ್ಕೆ ರುಚಿಯಿಲ್ಲ. ಇದೇ ಜಿಲ್ಲೆಯ ಪಾವಗಡ, ಶಿರಾ ಕಡೆ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಗೆ ಕಾರಣ ಫ್ಲೋರೈಡ್. ಮಿತಿ ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯೂ ಕೆಡುತ್ತದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬಹಳವೆಂದರೆ 1.5. ಇದು ಎರಡಾದರೂ ಮೂರಾದರೂ ನಾಲಿಗೆಗೆ ಗೊತ್ತಾಗದು. ತಿಪ್ಪೆಯಿಂದ, ಗೊಬ್ಬರದಿಂದ ಇಳಿಯುವ ನೈಟ್ರೇಟೂ ಹಾಗೆಯೇ. ಅದರ ಮಿತಿ 45 ಮಿಲಿಗ್ರಾಂ. ಕುದಿಸಿದರೆ ಗಡಸುತನದ ಒಂದು ಪಾಲು ಹಂಡೆಗೆ ಅಂಟಿ ನೀರು ಹಿತವಾಗುತ್ತದೆ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪಾಲು ಹೆಚ್ಚುತ್ತದೆ.

ಇನ್ನೂ ಒಂದು ಮಾತಿದೆ, ನನಗಂತೂ ಇದು ತಲೆಕೆಳಗಾದ ಲೆಕ್ಕದಂತೆ ಕಂಡಿತ್ತು. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲಲಾರದು; ಎರಡೂ ಕೂಡಿ ಗಟ್ಟಿಯಾಗಿ ಕೆಳಗೆ ಕೂರುತ್ತವೆ. ಕ್ಯಾಲ್ಸಿಯಂ ಕಡಿಮೆಯಿರುವ, ಸೋಪು ಚೆನ್ನಾಗಿ ನೊರೆ ಬಿಡುವ ಮೆತ್ತಗಿನ ಬೋರ್‌ವೆಲ್ ನೀರಿನಲ್ಲೇ ಅದಕ್ಕೆ ಹೆಚ್ಚು ಜಾಗ. ಎಲ್ಲ ಬೋರಿಗೂ ಈ ಮಾತು ಅನ್ವಯಿಸದು. ಆದರೂ "ಈ ಬೋರಿನ ನೀರು ಸೀನೀರು" ಎಂದು ಚಪ್ಪರಿಸುವ ಮುಂಚೆ ಒಂದು ಗಳಿಗೆ ನಿಲ್ಲಬೇಕು.

ಹಾಗಾದರೆ ಫಿಲ್ಟರ್ ಘಟಕವೇ ಸರಿಯಲ್ಲವೇ? ಫ್ಲೋರೈಡ್ ಇರುವ ಊರಿಗೆ ಸರಿಯೇ, ಕೆಟ್ಟು ನಿಲ್ಲದೆ ನಡೆದರೆ. ಬರೀ ಗಡಸಿಗಾಗಿ ಎಲ್ಲ ಮನೆಗೂ ಆರ್‌ಒ ಹಾಕಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಂದು ಕೊಡ ಒಳ್ಳೆ ನೀರಿಗೆ ಮನೆಯ ಆರ್‌ಒ ಸಾಮಾನ್ಯವಾಗಿ ಒಂದು ಕೊಡಕ್ಕೂ ಹೆಚ್ಚು ನೀರನ್ನು ಮೋರಿಗೆ ಬಿಡುತ್ತದೆ. ಬಳಸೋಕೇ ನೀರಿಲ್ಲ ಎಂದು ಕೊರಗುವ ಸೀಮೆ ಇದು. ಆರ್‌ಒ ನೀರಿನ ಸಪ್ಪೆ ರುಚಿಗೆ ಒಗ್ಗಿದ ನಾಲಿಗೆ ಬಾವಿ ನೀರನ್ನೂ ಗಡಸು ಎನ್ನತೊಡಗುತ್ತದೆ.

ಹಿಂದೆ ಸೀನೀರಿನ ಬಾವಿ ಇರುತ್ತಿದ್ದದ್ದು ಎಲ್ಲಿ? ಹೆಚ್ಚಾಗಿ ಕೆರೆ ಏರಿಯ ಹಿಂದೆ. ಆ ವರ್ಷದ ಮಳೆ ಕೆರೆಯಲ್ಲಿ ನಿಂತು, ಮೇಲ್ಮಣ್ಣಿನಲ್ಲಿ ಬಸಿದು ಬಾವಿ ಸೇರುತ್ತಿತ್ತು. ಕಲ್ಲಿನ ಜೊತೆ ಅದಕ್ಕೆ ಒಡನಾಟ ಕಡಿಮೆ. ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯ ತುಂಬಿದರೆ ಆಸುಪಾಸಿನ ಅಂತರ್ಜಲಕ್ಕೂ ಮಳೆನೀರಿನ ಪಾಲು. ಅದು ಬತ್ತಿದ ವರ್ಷಗಳಲ್ಲಿ ತೆಂಗನ್ನು ಉಳಿಸಿಕೊಳ್ಳಲು ನಾವು ಬೋರಿನ ಮೇಲೆ ಬೋರು ಕೊರೆಸಿದೆವು. ಆಳದ ಬಿರುಕಿನಲ್ಲಿ ಎಷ್ಟೋ ಕಾಲದಿಂದ ಕಲ್ಲನ್ನು ನೆಕ್ಕುತ್ತಾ ಕೂತಿದ್ದ ನೀರು ಮೇಲೆ ಬಂತು. ತೆಂಗಿನ ಮರ ಅದನ್ನೇ ಹೀರಿ ಎಳನೀರು ಮಾಡಿಕೊಡುತ್ತದೆ. ಮನುಷ್ಯನ ಮೂಳೆಗೆ ಆ ವಿದ್ಯೆ ಬಾರದು.

ಜಲಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಮನೆಗೊಂದು ನಲ್ಲಿಯ ಜೊತೆಗೆ ಇನ್ನೊಂದು ಏರ್ಪಾಡೂ ಇತ್ತು: ಊರಿಗೆ ಐದು ಜನ ಹೆಂಗಸರಿಗೆ ಕಿಟ್ ಹಿಡಿದು ನೀರು ಪರೀಕ್ಷಿಸುವ ತರಬೇತಿ. ನಲ್ಲಿ ಎಲ್ಲರ ಕಣ್ಣಿಗೂ ಬಿತ್ತು, ಕಿಟ್ಟಿನ ಸುದ್ದಿ ಕೇಳಿದವರು ಕಡಿಮೆ. ಮುಂದಿನ ಗ್ರಾಮಸಭೆಯಲ್ಲಿ ನೀರು ಸವಳು ಎಂದು ಕೂಗಾಡಿ, ತಪ್ಪಿಲ್ಲ. ಅದರ ಜೊತೆಗೆ, ನಿಮ್ಮ ನಲ್ಲಿಗೆ ನೀರು ಬಿಡುವ ಬೋರಿನಲ್ಲಿ ಫ್ಲೋರೈಡ್ ಎಷ್ಟಿದೆ, ಕೊನೆಯ ಸಲ ಅಳೆದದ್ದು ಯಾವಾಗ ಎಂದೂ ಕೇಳಿ.