ಸಪಾಟ ಕೇಬಲೋ, ದುಂಡು ಕೇಬಲೋ?

ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಕೆಲವರು ಮನೆಯಲ್ಲಿಯೇ ಗಣಕಯಂತ್ರ ಕಟ್ಟಿಕೊಳ್ಳುವರೆಂಬ ಸಂಗತಿ ಎಲ್ಲ ಅಧ್ಯಾಪಕರಿಗೂ ಗೊತ್ತಿರಲಿಕ್ಕಿಲ್ಲ. ಇದನ್ನು ಹವ್ಯಾಸವೆಂದು ಕರೆಯುವದು ರೂಢಿ. ನಿಜ ನೋಡಿದರೆ ಇದು ಬಡತನ ಕಲಿಸಿದ ಉಪಾಯ. ಹೊಸ ಲ್ಯಾಪ್‌ಟಾಪಿನ ಬೆಲೆ ಕೇಳಿ ಹಿಂದೆ ಸರಿದ ಹುಡುಗನು ಹುಬ್ಬಳ್ಳಿಯ ಯಾವದೋ ಕಚೇರಿ ಕೈಬಿಟ್ಟ ಪೆಟ್ಟಿಗೆ, ಯಾರದೋ ಅಟ್ಟದ ಮೇಲೆ ಬಿದ್ದ ಮದರ್‌ಬೋರ್ಡು, ಮುಚ್ಚಿಹೋದ ಝೆರಾಕ್ಸ್ ಅಂಗಡಿಯ ಹಾರ್ಡ್ ಡಿಸ್ಕು, ಇಷ್ಟನ್ನು ಕೂಡಿಸಿ ಒಂದು ಯಂತ್ರ ಮಾಡುತ್ತಾನೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಕಡೆಯಿಂದ ಬರುವ ಗೆಳೆಯರಲ್ಲಿ ಇಂಥ ನಾಲ್ಕಾರು ಯಂತ್ರಗಳನ್ನು ನಾನೇ ಬಿಚ್ಚಿ ನೋಡಿದ್ದೇನೆ. ಇವರು ಪೇಟೆಗೆ ಹೋದಾಗ ಕೈಯಲ್ಲಿದ್ದ ಹಣದಲ್ಲಿ ಹಟ ಹಿಡಿದು ಕೊಳ್ಳುವ ಒಂದು ವಸ್ತುವಿನ ಬಗ್ಗೆ ನನ್ನದೊಂದು ತಕರಾರಿದೆ. ಅದೇ ದುಂಡು ಕೇಬಲು.

ನಾನು ಕಲಾಶಾಖೆಯವನು. ವಿಜ್ಞಾನದವರ ಹಿತ್ತಲಿಗೆ ನುಗ್ಗಿದನೆಂದು ಯಾರೂ ಕೋಪಿಸಬಾರದು. ಎತ್ತು ಕೊಳ್ಳುವವನು ಪಶುವೈದ್ಯನೇ ಆಗಿರಬೇಕೆಂದಿಲ್ಲ. ಹಲ್ಲು ನೋಡುವದು ಬಂದರೆ ಸಾಕು.

ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನಿಂದ ಹಾರ್ಡ್ ಡಿಸ್ಕಿಗೆ ಎರಡು ಇಂಚು ಅಗಲದ ಬೂದು ಬಣ್ಣದ ಪಟ್ಟಿಯೊಂದು ಹೋಗಿರುವದನ್ನು ವಾಚಕರು ಕಂಡಿರಬಹುದು. ಇದು ಐ.ಡಿ.ಇ. ಪದ್ಧತಿಯ ಕೇಬಲು. ಈ ಪದ್ಧತಿಯ ಡಿಸ್ಕುಗಳು 1986ರಲ್ಲಿ ಕಾಂಪ್ಯಾಕ್ ಕಂಪನಿಯ ಯಂತ್ರಗಳಲ್ಲಿ ಮೊದಲು ಬಂದವು. 2003ರಲ್ಲಿ 7 ತಂತಿಯ ತೆಳುವಾದ ಸಾಟಾ ಕೇಬಲು ಪೇಟೆಗೆ ಬಂದಿತು. 2006ರಿಂದ ಇಂಟೆಲ್ ಕಂಪನಿ ತನ್ನ ಹೊಸ ಚಿಪ್‌ಸೆಟ್ಟುಗಳಲ್ಲಿ ಹಳೆಯ ಪದ್ಧತಿಯನ್ನೇ ಕೈಬಿಟ್ಟಿತು. ಆದಕಾರಣ ಹೊಸ ಬೋರ್ಡು ಕೊಳ್ಳುವವರಿಗೆ ಈ ಚರ್ಚೆ ಬೇಕಾಗಿಲ್ಲ; ಅವರು ಮುಂದಿನ ಪುಟಕ್ಕೆ ಹೋಗಬಹುದು. ಆದರೆ ನಮ್ಮ ಕಡೆ ಕಟ್ಟುವ ಯಂತ್ರಗಳು ಹೆಚ್ಚಾಗಿ 2006ಕ್ಕಿಂತ ಹಿಂದಿನವು. ಪೇಟೆ ಮರೆತದ್ದನ್ನು ಹಳ್ಳಿ ಇನ್ನೂ ಬಳಸುತ್ತಿರುವದು ಹೊಸ ಮಾತೇನೂ ಅಲ್ಲ.

ಈಗ ಪಟ್ಟಿಯ ಒಳಗಿನ ಮಾತು. ಮೊದಮೊದಲು ಇದರಲ್ಲಿ 40 ತಂತಿಗಳಿದ್ದವು. ಅವುಗಳಲ್ಲಿ 7 ಮಾತ್ರ ನೆಲತಂತಿಗಳು, ಎಂದರೆ ಸುದ್ದಿ ಒಯ್ಯದೆ ಸುಮ್ಮನೆ ಭೂಮಿಗೆ ಜೋಡಿಸಿಟ್ಟವುಗಳು. ಸೆಕೆಂಡಿಗೆ 33 ಮೆಗಾಬೈಟಿನವರೆಗೆ ಇಷ್ಟರಿಂದ ನಡೆಯಿತು. ಮುಂದೆ ವೇಗ 66ಕ್ಕೆ, 100ಕ್ಕೆ, 133ಕ್ಕೆ ಏರಿದಾಗ ಒಂದು ತಂತಿಯ ಸುದ್ದಿ ಪಕ್ಕದ ತಂತಿಗೆ ಸೋರತೊಡಗಿತು. ಆಗ ತಜ್ಞರು ಮಾಡಿದ ಉಪಾಯವನ್ನು ನಮ್ಮ ರೈತನಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ: ಹೊಲಕ್ಕೂ ಹೊಲಕ್ಕೂ ನಡುವೆ ಬದು ಹಾಕಿದರು. ಅದೇ ಎರಡು ಇಂಚು ಅಗಲದಲ್ಲಿ ತಂತಿಗಳನ್ನು ಸಣ್ಣ ಮಾಡಿ 80ಕ್ಕೆ ಏರಿಸಿದರು. ಒಂದು ಬಿಟ್ಟು ಒಂದು ನೆಲತಂತಿ. ಬದುವಿನಲ್ಲಿ ಬೆಳೆ ಬರುವದಿಲ್ಲ, ನಿಜ. ಆದರೆ ಎರೆಭೂಮಿಯಲ್ಲಿ ಬದು ಒಡೆದ ವರ್ಷ ಮೇಲಿನವನ ಹೊಲದ ನೀರು ಕೆಳಗಿನವನ ಕಡಲೆಯನ್ನು ಏನು ಮಾಡುವದೆಂಬದನ್ನು ನವಲಗುಂದದ ಯಾರನ್ನು ಕೇಳಿದರೂ ಹೇಳಿಯಾರು.

ದುಂಡು ಕೇಬಲು ಮಾಡುವದೇನು? ಈ ಪಟ್ಟಿಯನ್ನು ಎಳೆಎಳೆಯಾಗಿ ಬಿಡಿಸಿ, ಸುರುಳಿಯಾಗಿ ಕೂಡಿಸಿ, ಮೇಲೊಂದು ಬಣ್ಣದ ಹೊದಿಕೆ ಹಾಕುವದು. ಸಪಾಟವಾಗಿದ್ದಾಗ ಆರನೆಯ ತಂತಿಯ ನೆರೆಹೊರೆ ಯಾರೆಂಬದು ನಿಶ್ಚಿತವಾಗಿತ್ತು. ಸುರುಳಿಯಲ್ಲಿ ಅದು ಮೂವತ್ತನೆಯದಕ್ಕೆ ಒತ್ತಿಕೊಂಡು ಕೂಡಬಹುದು. ಬದುಗಳೆಲ್ಲ ಒಂದು ಕಡೆಗೆ, ಹೊಲಗಳೆಲ್ಲ ಒಂದು ಕಡೆಗೆ ಆಗಬಹುದು. ಬಲ್ಲ ತಯಾರಕರು ಇದಕ್ಕೂ ಮದ್ದು ಕಂಡುಹಿಡಿದಿದ್ದಾರೆಂಬದನ್ನು ಒಪ್ಪಲೇಬೇಕು. ಅವರು ಪ್ರತಿಯೊಂದು ಸುದ್ದಿಯ ತಂತಿಯನ್ನು ಅದರ ನೆಲತಂತಿಯೊಡನೆ ಜೋಡಿಯಾಗಿ ಹೊಸೆಯುವರು. ಹೀಗೆ ಹೊಸೆದ, ಅಳತೆ ಮೀರದ ದುಂಡು ಕೇಬಲಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ.

ತೊಡಕಿರುವದು ‘ಅಗ್ಗದ’ ಎಂಬ ಮಾತಿನಲ್ಲಿ. ನಮ್ಮ ಗೆಳೆಯರಿಗೆ ದುಂಡೂ ಬೇಕು, ಅಗ್ಗವೂ ಬೇಕು. ಹೊಸೆಯುವ ಕೆಲಸಕ್ಕೆ ಹಣ ಬೀಳುವದು. ಅಗ್ಗ ಮಾಡಬೇಕೆಂದವನು ಮೊದಲು ಬಿಡುವದೇ ಆ ಕೆಲಸವನ್ನು. ಬಿಟ್ಟನೋ ಇಲ್ಲವೋ ಎಂಬದನ್ನು ಕೊಳ್ಳುವವನು ನೋಡುವ ಬಗೆ ಯಾವದು? ಹೊದಿಕೆಯ ಒಳಗೆ ಕಣ್ಣು ಹೋಗದು. ಅಡತಿ ಅಂಗಡಿಯಲ್ಲಿ ಕಾಳಿನ ಚೀಲಕ್ಕೆ ಸೂಜಿ ಚುಚ್ಚಿ ತೆಗೆದು ನೋಡುತ್ತಾರೆ, ಹತ್ತಿಯ ಎಳೆಯನ್ನು ಬೆರಳಿನಲ್ಲಿ ಎಳೆದು ಉದ್ದ ನೋಡುತ್ತಾರೆ. ಕೇಬಲನ್ನು ಮಾತ್ರ ಬಣ್ಣ ನೋಡಿ ಒಯ್ಯುವದೆಂದರೆ ಹೇಗೆ? ಸಪಾಟ ಪಟ್ಟಿಯಾದರೋ ತನ್ನ ಹೊಟ್ಟೆಯನ್ನು ತಾನೇ ತೋರಿಸುತ್ತದೆ. ಒರಟು ಗೆರೆಗಳಿದ್ದರೆ 40 ತಂತಿಯದು, ನವಿರು ಗೆರೆಗಳಿದ್ದರೆ 80ರದು. ಬೆಳಕಿಗೆ ಹಿಡಿದರೆ ಹಳ್ಳಿಯ ಹುಡುಗನೂ ಎಣಿಸಬಲ್ಲನು. ಯಂತ್ರಕ್ಕೆ ಸಹ ಈ ಸವಲತ್ತಿಲ್ಲವೆಂಬದು ಸ್ವಾರಸ್ಯದ ಮಾತು: ಕೇಬಲು 80 ತಂತಿಯದೆಂದು ಬೋರ್ಡು ತಿಳಿಯುವದು ಕನೆಕ್ಟರಿನ 34ನೆಯ ಪಿನ್ನಿನಿಂದ, ತಂತಿಗಳನ್ನು ಎಣಿಸಿ ಅಲ್ಲ. ಬಾಯಿಮಾತು ಸರಿಯಿದ್ದರೆ ಅದು ನಂಬಿಬಿಡುವದು.

ದುಂಡು ಕೇಬಲಿನ ಪಕ್ಷದವರು ಗಾಳಿಯ ಮಾತನ್ನು ತೆಗೆಯುವರು. ಅಗಲ ಪಟ್ಟಿ ಪೆಟ್ಟಿಗೆಯೊಳಗೆ ಗಾಳಿಗೆ ಅಡ್ಡ ನಿಲ್ಲುವದು, ದುಂಡಾದರೆ ಗಾಳಿ ಸರಾಗವಾಗಿ ಆಡುವದು ಎಂದು. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಅಣ್ಣಿಗೇರಿಯ ಮನೆಯೊಂದರಲ್ಲಿ ಇಂಥ ಪೆಟ್ಟಿಗೆ ಬಿಚ್ಚಿ ನೋಡಿರಿ. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಮ್ ಹಲ್ಲುಗಳ ಸಂದಿನಲ್ಲಿ ಎರೆಮಣ್ಣಿನ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಆ ಧೂಳನ್ನು ಹಾಗೆಯೇ ಬಿಟ್ಟು ಗಾಳಿಯ ಸಲುವಾಗಿ ಕೇಬಲು ಬದಲಿಸುವದು, ಬಾವಿಯ ಹೂಳು ತೆಗೆಯದೆ ಹೊಸ ಹಗ್ಗ ಕೊಂಡಂತೆ. ಬಣ್ಣ ಹಚ್ಚುವ ಸಣ್ಣ ಬ್ರಶ್ಶು, ಬಿಡುವಿನ ಅರ್ಧ ತಾಸು, ಇಷ್ಟು ಸಾಕು. ಪಟ್ಟಿಯನ್ನಾದರೂ ನೇತುಬಿಡಬೇಕೆಂದು ಯಾರು ಹೇಳಿದರು? ಮೂಲೆಯಲ್ಲಿ ಒಮ್ಮೆ ಮೆಲ್ಲಗೆ ಮಡಚಿ ಪೆಟ್ಟಿಗೆಯ ಗೋಡೆಗೆ ಒರಗಿಸಿದರೆ ಅದು ನಮ್ಮೂರ ಜಮಖಾನೆಯ ಹಾಗೆ ತೆಪ್ಪಗೆ ಬಿದ್ದಿರುತ್ತದೆ.

ಇನ್ನು ಕೆಲವರು ಖರ್ಚೇ ಬೇಡವೆಂದು ಸಪಾಟ ಪಟ್ಟಿಯನ್ನು ಬ್ಲೇಡಿನಿಂದ ಸೀಳಿ, ಟೇಪು ಸುತ್ತಿ ಮನೆಯಲ್ಲೇ ದುಂಡು ಮಾಡುವರು. ಸಿ.ಡಿ. ಡ್ರೈವಿನ 40 ತಂತಿಯ ಕೇಬಲಿಗೆ ಇದು ಹೇಗೋ ನಡೆದೀತು. 80ರದಕ್ಕೆ ಬ್ಲೇಡು ಹಚ್ಚುವ ಕೈಗೆ ನನ್ನ ದೊಡ್ಡ ನಮಸ್ಕಾರ.

ಕೆಟ್ಟ ಕೇಬಲು ಕೆಟ್ಟದ್ದೆಂದು ಬಾಯಿ ಬಿಟ್ಟು ಹೇಳಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಅದು ಹೇಳುವದಿಲ್ಲ. ಅಲ್ಟ್ರಾ ಡಿ.ಎಂ.ಎ. ಪದ್ಧತಿಯಲ್ಲಿ ಸಾಗಿಬಂದ ಮಾಹಿತಿಯನ್ನು ತಾಳೆ ನೋಡುವ ವ್ಯವಸ್ಥೆಯಿದೆ. ತಾಳೆ ಬೀಳದಿದ್ದರೆ ಮತ್ತೆ ಕಳಿಸುವರು. ವಿಂಡೋಸ್ ಎಕ್ಸ್‌ಪಿಯಲ್ಲಿ ಇಂಥ ತಪ್ಪುಗಳು 6 ಮೀರಿದವೆಂದರೆ ಅದು ತಾನಾಗಿಯೇ ವೇಗದ ಒಂದು ಮೆಟ್ಟಿಲು ಇಳಿಯುವದು. ಇಳಿಯುತ್ತ ಇಳಿಯುತ್ತ ಕೊನೆಗೆ ಪಿ.ಐ.ಓ. ಎಂಬ ಹಳೆಯ ನಡಿಗೆಗೆ ಬಂದು ನಿಲ್ಲುವದು. ಅಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 16.6 ಮೆಗಾಬೈಟು, ಅದೂ ಪ್ರೊಸೆಸರು ತನ್ನ ಕೆಲಸ ಬಿಟ್ಟು ಹಮಾಲಿ ಮಾಡಿದರೆ. ಪರದೆಯ ಮೇಲೆ ಯಾವ ಸೂಚನೆಯೂ ಬರುವದಿಲ್ಲ. ಯಂತ್ರ ‘ಜಡ ಆಗೇತಿ’ ಎಂದು ಹುಡುಗ ವೈರಸ್ಸನ್ನು ಬಯ್ಯುವನು, ರ್‍ಯಾಮ್ ಕೊಳ್ಳಲು ಸ್ಕಾಲರ್‌ಶಿಪ್ಪಿನ ಹಣ ತೆಗೆಯುವನು. ಕುಂದಗೋಳದ ಕಡೆಯ ಗೆಳೆಯನೊಬ್ಬ ಹೀಗೆಯೇ ಎರಡು ಸಲ ರ್‍ಯಾಮ್ ಹಾಕಿಸಿದ. ಅವನ ಯಂತ್ರದಲ್ಲಿದ್ದುದು ಎರಡು ಅಡಿ ಉದ್ದದ, ನೀಲಿ ಹೊಳಪಿನ, ನೋಡಲು ಬಲು ಚೆಂದದ ದುಂಡು ಕೇಬಲು. ಅದನ್ನು ಕಿತ್ತು ಹಳೆಯ ಬೂದು ಪಟ್ಟಿ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಆ ಐ.ಡಿ.ಇ. ಚಾನೆಲನ್ನು ಅಳಿಸಿ ಯಂತ್ರ ಮತ್ತೆ ಹಚ್ಚಿದಾಗ ವೇಗ ಮರಳಿ ಬಂದಿತು.

ನಿಮ್ಮ ಯಂತ್ರದಲ್ಲಿ ಇಂಥ ಸಂಶಯವಿದ್ದರೆ ನೋಡಿಕೊಳ್ಳಲಿಕ್ಕೆ ಒಂದು ಪೈಯೂ ಬೇಕಾಗಿಲ್ಲ. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ಪಟ್ಟಿಯನ್ನು ತಾನೇ ಬರೆದಿಡುವದು. ಅದನ್ನು ಓದುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಆ ಪಟ್ಟಿಯ 199ನೆಯ ಸಾಲು ತಾಳೆ ತಪ್ಪಿದ ಲೆಕ್ಕ. ಇಂದು ಬರೆದುಕೊಂಡು, ವಾರ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರುತ್ತಲೇ ಇದ್ದರೆ ಡಿಸ್ಕನ್ನು ಬಯ್ಯುವ ಮೊದಲು ಕೇಬಲು ಬದಲಿಸಿರಿ. ಹಿಂದಿನ ಅಂಕಿ ಅಳಿಯುವದಿಲ್ಲ, ಮುಂದೆ ಏರದಿದ್ದರಾಯಿತು.

ಕೊಳ್ಳುವವರು ಉದ್ದದ ಮೇಲೆ ಕಣ್ಣಿಡಬೇಕು. ನಿಯಮದ ಪ್ರಕಾರ ಈ ಕೇಬಲು 18 ಇಂಚು ಮೀರಬಾರದು, ಎಂದರೆ ಸಂತೆಯಲ್ಲಿ ಹೂವಿನವಳು ಅಳೆಯುವ ಒಂದು ಮೊಳ. ದುಂಡು ಕೇಬಲುಗಳು 24 ಇಂಚು, 36 ಇಂಚಿನವೂ ಬಂದಿವೆ. ಹೆಚ್ಚು ಉದ್ದ ಸಿಕ್ಕಿತೆಂದು ಹಿಗ್ಗಲಿಕ್ಕೆ ಇದು ಅರಿವೆಯಲ್ಲ. 80 ತಂತಿಯದರಲ್ಲಿ ನೀಲಿ ಕನೆಕ್ಟರು ಬೋರ್ಡಿಗೆ, ತುದಿಯ ಕರಿಯದು ಮೊದಲ ಡಿಸ್ಕಿಗೆ, ನಡುವಿನ ಬೂದಿಯದು ಎರಡನೆಯದಕ್ಕೆ. ಒಂದೇ ಡಿಸ್ಕಿದ್ದರೆ ತುದಿಗೇ ಹಚ್ಚಬೇಕು. ನಡುವೆ ಹಚ್ಚಿ ತುದಿಯನ್ನು ಜೋತುಬಿಟ್ಟರೆ ಸುದ್ದಿ ಆ ಬರಿದಾದ ತುದಿಗೆ ಬಡಿದು ಹಿಂದಕ್ಕೆ ಬರುವದು. ಹಳೆಯದನ್ನೇ ಕೊಳ್ಳುವದಾದರೆ ಕನೆಕ್ಟರಿನ ಬೆನ್ನಿನ ಪಟ್ಟಿ ಸಡಲಿದೆಯೋ ಎಂದು ಉಗುರಿನಿಂದ ಎತ್ತಿ ನೋಡುವದು ಒಳ್ಳೆಯದು. ದುಂಡು ಕೇಬಲೇ ಪುಕ್ಕಟೆ ಸಿಕ್ಕರೆ ಸಿ.ಡಿ. ಡ್ರೈವಿಗೆ ಹಚ್ಚಿರಿ, ಅದರ ವೇಗಕ್ಕೆ ಅದು ಸಾಕು.

ಒಂದು ಮೊಳದ ಕೇಬಲಿಗೆ ಇಷ್ಟು ದೊಡ್ಡ ಪುರಾಣವೇ ಎಂದು ಸಂಪಾದಕರು ಕೇಳಿದರು. ನಮ್ಮ ಮನೆಯಲ್ಲಿರುವ ಯಂತ್ರದ ಡಿಸ್ಕು ಅಣ್ಣನ ಮುಚ್ಚಿಹೋದ ಡಿ.ಟಿ.ಪಿ. ಅಂಗಡಿಯದು. ಅದರಲ್ಲಿ ಲಗ್ನಪತ್ರಿಕೆ, ಕರಪತ್ರಗಳ ನಡುವೆ ನಮ್ಮ ಅಜ್ಜಿ ಹಾಡಿದ ಬೀಸುವ ಹಾಡುಗಳೂ ಓಣಿಯ ಹಿರಿಯರು ಹೇಳಿದ ರಿವಾಯತ ಪದಗಳೂ ಇವೆ. ಅಕ್ಕ ಬಿಡುವಿನಲ್ಲಿ ಕೂತು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದವು. ಅಜ್ಜಿ ಈಗ ಇಲ್ಲ. ಕಾಗದದ ಪ್ರತಿ ಎಲ್ಲಿಯೂ ಇಲ್ಲ. ಇಂಥ ಡಿಸ್ಕುಗಳು ನಮ್ಮ ತಾಲ್ಲೂಕುಗಳ ಎಷ್ಟು ಅಟ್ಟಗಳ ಮೇಲೆ ಬಿದ್ದಿವೆಯೋ! ಅವು ಇನ್ನೂ ತಿರುಗುತ್ತಿರುವಾಗಲೇ ಒಳಗಿನದನ್ನು ಹೊರಗೆ ತರಬೇಕಾಗಿದೆ, ಹೊರಗೆ ಬರುವ ದಾರಿ ಆ ಪಟ್ಟಿಯೇ. ಯು.ಎಸ್.ಬಿ. ಅಡಾಪ್ಟರು ಕೊಳ್ಳಬಲ್ಲವರು ಕೊಳ್ಳಲಿ, ಅವರಿಗೆ ಕೇಬಲಿನ ಗೊಡವೆಯೇ ತಪ್ಪಿತು. ಉಳಿದವರು ದುಂಡು ಕೇಬಲಿಗೆ ಕೊಡುವ ಹೆಚ್ಚಿನ ಹಣವನ್ನು ಒಂದು ಪೆನ್‌ಡ್ರೈವಿಗೆ ಕೂಡಿಸಲಿ.

ನಾನು ನಮ್ಮ ಡಿಸ್ಕಿನ ಹಾಡುಗಳನ್ನು ಬೂದು ಪಟ್ಟಿಯ ಮೂಲಕವೇ ಎರಡು ಕಡೆಗೆ ನಕಲು ಮಾಡಿದ್ದೇನೆ. ಹಳೆಯ ನುಡಿ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತಿವೆ. ಅಕ್ಕನನ್ನು ಕೂಡಿಸಿಕೊಂಡು ಒಂದೊಂದೇ ಸಾಲು ತಿದ್ದುತ್ತಿದ್ದೇನೆ.