ಸಸಿಮಡಿಯ ದುಡ್ಡು ಮೊದಲು

ಬೆಳೆಗಾರರ ಪತ್ರಿಕೆಯಲ್ಲಿ ಫುಟ್‌ಬಾಲ್ ಆಟದ ವಿಚಾರವೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಆಟದ ಸೋಲು ಗೆಲುವು ಇಲ್ಲಿ ಮುಖ್ಯವಲ್ಲ. ಆಟದ ಹಿಂದಿರುವ ಹಣದ ಲೆಕ್ಕ ಮುಖ್ಯ. ಕೈಗೆ ಬಂದ ದುಡ್ಡಿನಲ್ಲಿ ಈ ವರ್ಷದ ಗೆಲುವಿಗೆ ಎಷ್ಟು, ಹತ್ತು ವರ್ಷದ ಮುಂದಿನ ತಂಡಕ್ಕೆ ಎಷ್ಟು ಎಂಬ ಪ್ರಶ್ನೆ ಪ್ರತಿಯೊಂದು ಫುಟ್‌ಬಾಲ್ ಕ್ಲಬ್ಬನ್ನೂ ಕಾಡುತ್ತದೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ನಮ್ಮನ್ನು ಕಾಡುವುದೂ ಇದೇ ಪ್ರಶ್ನೆ.

ಕ್ಲಬ್ಬಿನ ಖರ್ಚು ಎರಡು ಬಗೆಯದು. ಬಲಿತ ಆಟಗಾರರನ್ನು ಕರೆತಂದು ಸಂಬಳ ಕೊಟ್ಟು ಆಡಿಸುವುದು ಒಂದು. ಹನ್ನೆರಡು ಹದಿಮೂರರ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು, ಓದಿಸಿ, ಆಟ ಕಲಿಸುವುದು ಇನ್ನೊಂದು. ಮೊದಲನೆಯದರ ಫಲ ಅದೇ ವರ್ಷ ಕಾಣುತ್ತದೆ. ಎರಡನೆಯದರ ಫಲಕ್ಕೆ ಆರೇಳು ವರ್ಷ ಕಾಯಬೇಕು. ಹತ್ತು ಹುಡುಗರಲ್ಲಿ ಒಬ್ಬ ದಕ್ಕಿದರೆ ಪುಣ್ಯ. ಅಡಿಕೆ ಸಸಿ ನೆಟ್ಟು ಸಿಂಗಾರ ಕಾಣಲು ಐದಾರು ವರ್ಷ ಕಾಯುವ ನಮಗೆ, ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯುವವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡೋಣ. ಬೆಂಗಳೂರು ಫುಟ್‌ಬಾಲ್ ಕ್ಲಬ್ಬನ್ನು ಜೆ.ಎಸ್.ಡಬ್ಲ್ಯು. ಸಮೂಹ 2013ರಲ್ಲಿ ಕಟ್ಟಿತು. ಸುನಿಲ್ ಛೆಟ್ರಿಯಂಥ ಹೆಸರಾಂತ ಆಟಗಾರರನ್ನು ತಂದಿತು. ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಪ್ರಶಸ್ತಿ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ಇಂಡಿಯನ್ ಸೂಪರ್ ಲೀಗ್ ಸೇರಿದ ಮೇಲೆ 2018-19ರಲ್ಲಿ ಅಲ್ಲಿಯೂ ಪ್ರಶಸ್ತಿ ಪಡೆಯಿತು. ಇಷ್ಟೂ ಫಸಲು ಬಹುಮಟ್ಟಿಗೆ ಬಲಿತ ಮರಗಳನ್ನು ಕೊಂಡು ತಂದದ್ದರ ಫಲವೆಂದರೆ ತಪ್ಪಾಗದು.

ಆದರೆ ಮರಕ್ಕೆ ವಯಸ್ಸಾಗುತ್ತದೆ. 2020-21ರಲ್ಲಿ ತಂಡ ಏಳನೆಯ ಸ್ಥಾನಕ್ಕಿಳಿಯಿತು. 2023-24ರಲ್ಲಿ ಹನ್ನೆರಡು ತಂಡಗಳ ನಡುವೆ ಹತ್ತನೆಯದಾಯಿತು. ಇಂಥ ಹೊತ್ತಿನಲ್ಲಿ ನೆರವಾಗುವುದು ಹಿಂದೆ ಮಾಡಿಟ್ಟ ಸಸಿಮಡಿ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಕ್ಲಬ್ಬು ಹುಡುಗರ ವಸತಿ ತರಬೇತಿ ಶಾಲೆ ನಡೆಸಿಕೊಂಡು ಬಂದಿತ್ತು. 2022ರ ಕಿರಿಯರ ಅಭಿವೃದ್ಧಿ ಲೀಗಿನಲ್ಲಿ ಬೆಂಗಳೂರಿನ ಹುಡುಗರ ತಂಡವೇ ಗೆದ್ದಿತು. 2024ರ ಸೆಪ್ಟೆಂಬರಿನಲ್ಲಿ ಹಿರಿಯರ ಲೀಗಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಒಂದೇ ಗೋಲಿನಿಂದ ಗೆದ್ದಾಗ, ಆ ಗೋಲು ಹೊಡೆದವನು ಕ್ಲಬ್ಬಿನ ಶಾಲೆಯಲ್ಲಿ ಬೆಳೆದ 19ರ ವಿನೀತ್ ವೆಂಕಟೇಶ್. ಹಿರಿಯ ಛೆಟ್ರಿಯೂ ಇಂಥ ಹುಡುಗರೂ ಕೂಡಿ ಆಡಿದ ಆ ತಂಡ 2025ರ ಏಪ್ರಿಲ್‌ನಲ್ಲಿ ಅಂತಿಮ ಪಂದ್ಯದವರೆಗೆ ಹೋಯಿತು. ಹಳೆಯ ತೋಟದ ಸಾಲಿನ ನಡುವೆ ಹೊಸ ಸಸಿ ಕೂರಿಸಿ, ಅದು ಎದ್ದ ಮೇಲೆ ಮುದಿ ಮರ ತೆಗೆಯುವ ನಮ್ಮ ಹಿರಿಯರ ಪದ್ಧತಿಯೂ ಇದೇ ಅಲ್ಲವೇ?

ನಿಜವಾದ ಪರೀಕ್ಷೆ 2025ರ ಆಗಸ್ಟಿನಲ್ಲಿ ಬಂತು. ಲೀಗ್ ನಡೆಸುವ ಒಪ್ಪಂದದ ಮುಂದುವರಿಕೆ ಇತ್ಯರ್ಥವಾಗದೆ, ಆ ವರ್ಷದ ಲೀಗ್ ನಡೆಯುತ್ತದೆಯೋ ಇಲ್ಲವೋ ಎಂಬ ಸ್ಥಿತಿಯಾಯಿತು. ಆಗ ಬೆಂಗಳೂರು ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ, ಕಿರಿಯರ ತಂಡಗಳ ಮತ್ತು ಮಕ್ಕಳ ಶಾಲೆಗಳ ಕೆಲಸಕ್ಕೆ ಇದರಿಂದ ಬಾಧಕವಿಲ್ಲ ಎಂದೂ ತಿಳಿಸಿತು. ದುಡಿಯುವವರ ಸಂಬಳ ನಿಲ್ಲುವುದನ್ನು ಯಾರೂ ಹೊಗಳಲಾರರು. ಸಂಬಳ ನಂಬಿ ಸಂಸಾರ ನಡೆಸುವವರ ಕಷ್ಟ ಕೂಲಿ ಕೊಡುವ ನಮಗೂ ಗೊತ್ತು. ಆದರೂ ನೀರು ಕಡಿಮೆಯಾದಾಗ ಸಸಿಮಡಿಯ ನೀರನ್ನು ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ಒಣಗಿದ ದೊಡ್ಡ ಮರ ಮುಂದಿನ ಮಳೆಗೆ ಚೇತರಿಸಿಕೊಂಡೀತು. ಒಣಗಿದ ಸಸಿ ಚೇತರಿಸಿಕೊಳ್ಳದು.

ಇದಕ್ಕೆ ವಿರುದ್ಧವಾದ ದಾರಿ ಹಿಡಿದವರ ಕಥೆಯೂ ಇದೆ. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ಬು ಮುಂದೆ ಮಾರಾಟವಾಗಬೇಕಾದ ಟಿಕೇಟುಗಳ ಹಣವನ್ನೇ ಆಧಾರವಾಗಿಟ್ಟು 2001ರಲ್ಲಿ 6 ಕೋಟಿ ಪೌಂಡ್ ಸಾಲ ಎತ್ತಿತು. ಆಟಗಾರರಿಗೆ ಧಾರಾಳವಾಗಿ ಸುರಿಯಿತು. ಆ ವರ್ಷ ಯೂರೋಪಿನ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತಲುಪಿದ್ದೇನೋ ನಿಜ. ಮುಂದೆ ಆ ಪಂದ್ಯಾವಳಿಗೆ ಅರ್ಹತೆ ಸಿಗಲಿಲ್ಲ, ವರಮಾನ ಬರಲಿಲ್ಲ, ಸಾಲ ಮಾತ್ರ ಉಳಿಯಿತು. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಮಾರಬೇಕಾಯಿತು. 2004ರಲ್ಲಿ ಮೇಲಿನ ದರ್ಜೆಯಿಂದ ಜಾರಿದ ಕ್ಲಬ್ಬು 2007ರಲ್ಲಿ ಮೂರನೆಯ ದರ್ಜೆಗೆ ಬಿತ್ತು. ಹಲವು ವರ್ಷದ ಫಸಲನ್ನು ಮುಂಗಡವಾಗಿ ಚೇಣಿಗೆ ಕೊಟ್ಟು ಮನೆಗೆ ಮಹಡಿ ಕಟ್ಟಿಸಿದರೆ ಆಗುವುದೂ ಇಷ್ಟೇ.

ಹಾಗೆಂದು ಸಸಿಮಡಿಯೊಂದನ್ನೇ ನಂಬಿ ಕುಳಿತರೆ ಆಯಿತೇ? ಅದೂ ಸಲ್ಲದು. ಗೆಲ್ಲದ ತಂಡವನ್ನು ನೋಡಲು ಜನ ಬರುವುದಿಲ್ಲ. ಜನ ಬಾರದಿದ್ದರೆ ಹುಡುಗರ ಊಟಕ್ಕೂ ಹಣವಿರುವುದಿಲ್ಲ. ಕಲಿಯುವ ಹುಡುಗನಿಗೆ ಪಕ್ಕದಲ್ಲಿ ನಿಂತು ತೋರಿಸಿಕೊಡುವ ಹಿರಿಯನೂ ಬೇಕು. ಫಸಲು ಕೊಡುವ ತೋಟಕ್ಕೆ ಗೊಬ್ಬರವನ್ನೂ ಬೋರ್ಡೋ ದ್ರಾವಣವನ್ನೂ ತಪ್ಪಿಸಿ ಹೊಸ ಸಸಿ ನೆಡುವವನನ್ನು ಯಾರೂ ಜಾಣ ಎನ್ನುವುದಿಲ್ಲ. ಪ್ರಶ್ನೆ ಇರುವುದು ಪ್ರಮಾಣದಲ್ಲಿ; ಅದಕ್ಕಿಂತ ಹೆಚ್ಚಾಗಿ, ಯಾವುದನ್ನು ಮೊದಲು ತೆಗೆದಿಡಬೇಕು ಎಂಬುದರಲ್ಲಿ.

ಈ ವಿಷಯದಲ್ಲಿ ಮನಸ್ಸಿನ ಬಲವೊಂದನ್ನೇ ನಂಬಬಾರದೆಂದು ಯೂರೋಪಿನ ಫುಟ್‌ಬಾಲ್ ಒಕ್ಕೂಟ ಕಂಡುಕೊಂಡಿದೆ. 2022ರಲ್ಲಿ ಅದು ನಿಯಮ ಮಾಡಿತು: ಆಟಗಾರರ, ತರಬೇತುದಾರರ ಸಂಬಳ, ಖರೀದಿ, ದಲ್ಲಾಳಿ ಖರ್ಚು ಎಲ್ಲ ಸೇರಿ ಕ್ಲಬ್ಬಿನ ವರಮಾನದ ಇಂತಿಷ್ಟು ಪಾಲನ್ನು ಮೀರಕೂಡದು. ಹಂತ ಹಂತವಾಗಿ ಇಳಿಸಿ 2025-26ರ ಹೊತ್ತಿಗೆ ಆ ಮಿತಿಯನ್ನು ಶೇಕಡಾ 70ಕ್ಕೆ ತಂದಿತು. ನಷ್ಟದ ಲೆಕ್ಕ ಹಾಕುವಾಗ ಕಿರಿಯರ ತರಬೇತಿಗೆ ಮಾಡಿದ ಖರ್ಚನ್ನು ಹೊರಗಿಡುತ್ತದೆ. ನಮಗೆ ಇದು ಹೊಸತಲ್ಲ. 1959ರ ನಮ್ಮ ಸಹಕಾರ ಸಂಘಗಳ ಕಾಯಿದೆಯ ಪ್ರಕಾರ, ನಿವ್ವಳ ಲಾಭದ ನಾಲ್ಕರಲ್ಲೊಂದು ಪಾಲು ಆಪದ್ಧನ ನಿಧಿಗೆ ಹೋದ ಮೇಲೆಯೇ ಡಿವಿಡೆಂಡಿನ ಮಾತು. ಸಂಘಕ್ಕೆ ಒಪ್ಪುವ ನಿಯಮ ಸದಸ್ಯನ ಮನೆಯ ಲೆಕ್ಕಕ್ಕೆ ಏಕೆ ಒಪ್ಪಬಾರದು?

ದೂರದ ಮಾತು ಸಾಕು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿರುವ ಕಂಬವನ್ನೇ ನೋಡಿರಿ. ಕದಂಬರ ಮಯೂರಶರ್ಮನ ಶೌರ್ಯ ಅದರಲ್ಲಿದೆ, ರಾಜವಂಶದ ಕೀರ್ತಿ ಇದೆ. ಆದರೆ ಆ ಶಾಸನ ಹುಟ್ಟಿದ್ದು ಯುದ್ಧ ಗೆದ್ದದ್ದಕ್ಕಲ್ಲ. ಕಾಕುಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ್ದಕ್ಕೆ. ಮಗ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಅದನ್ನು ರಚಿಸಿ ತಾನೇ ಕೆತ್ತಿದ. ದಂಡು ಸಾಕುವ ಖರ್ಚು ಯಾವ ಅರಸನಿಗೂ ತಪ್ಪಿದ್ದಲ್ಲ. ಅದರ ನಡುವೆಯೂ ಕೆರೆಗೆ ಹಣ ಎತ್ತಿಟ್ಟವನ ಹೆಸರು ಕಲ್ಲಿನಲ್ಲಿ ಉಳಿಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು. ಅಡಿಕೆ ಮಂಡಿಯಿಂದ ಹಣ ಬಂದ ದಿನವೇ, ಬೇರೆ ಯಾವ ಖರ್ಚಿಗೂ ಮೊದಲು, ಒಂದು ಪಾಲನ್ನು ಸಸಿಗೆ, ಬಸಿಗಾಲುವೆಗೆ, ನೀರಿನ ಆಸರೆಗೆ ತೆಗೆದಿಡಿ. ಪಾಲು ಸಣ್ಣದಾದರೂ ಚಿಂತೆಯಿಲ್ಲ, ಪ್ರತಿವರ್ಷ ತಪ್ಪಬಾರದು. ಊರಿನ ಯುವಕರು ಪಂದ್ಯಾವಳಿಗೆ ಚಂದಾ ಕೇಳಲು ಬಂದಾಗಲೂ ಒಂದು ಮಾತು ಕೇಳಿರಿ: ಹೊರಊರಿನ ಆಟಗಾರರನ್ನು ಕರೆಸುವುದಕ್ಕೆಷ್ಟು, ನಮ್ಮ ಶಾಲೆಯ ಹುಡುಗರಿಗೆ ಚೆಂಡು, ಮೈದಾನ ಒದಗಿಸುವುದಕ್ಕೆಷ್ಟು? ಉತ್ತರ ಕೇಳಿಕೊಂಡು ಚಂದಾ ಬರೆಯಿರಿ.